ಒಂದು ಡಬ್ಬಿ, ಎಂಟು ಪಾಲು

ಹವಾಯಿ ದ್ವೀಪಗಳಲ್ಲಿ ಕಡಲ ದಂಡೆಗೆ ಹೊರಡಲಿ, ಮಕ್ಕಳ ಪಂದ್ಯಕ್ಕೆ ಹೊರಡಲಿ, ಕೆಲಸಕ್ಕೆ ಹೊರಡಲಿ, ಬುತ್ತಿಯಲ್ಲಿ ಸ್ಪ್ಯಾಮ್ ಮುಸುಬಿ ಇರುವುದು ಮಾಮೂಲು. ಇಟ್ಟಿಗೆಯಂತೆ ಒತ್ತಿದ ಅನ್ನ, ಅದರ ಮೇಲೆ ಹುರಿದ ಡಬ್ಬಿ ಮಾಂಸದ ಒಂದು ಹೋಳು, ಎರಡನ್ನೂ ಸುತ್ತಿ ಹಿಡಿದ ನೋರಿ ಎಂಬ ಕಡಲ ಪಾಚಿಯ ಕಪ್ಪು ಪಟ್ಟಿ. ಇಷ್ಟೇ ತಿಂಡಿ. ಆದರೆ ಇದರಲ್ಲಿ ಆ ನೆಲದಲ್ಲಿ ಹುಟ್ಟಿದ್ದು ಎನ್ನುವಂಥದ್ದು ಹುಡುಕಿದರೂ ಸಿಗದು. ಅಕ್ಕಿ ಕ್ಯಾಲಿಫೋರ್ನಿಯಾದ್ದು. ನೋರಿ ಜಪಾನ್, ಕೊರಿಯಾಗಳದ್ದು. ಸ್ಪ್ಯಾಮ್ ಎಂಬ ಹಂದಿ ಮಾಂಸದ ಡಬ್ಬಿ, ಕಡಲೇ ಇಲ್ಲದ ಮಿನ್ನೆಸೋಟಾದ ಹಾರ್ಮೆಲ್ ಕಂಪನಿ 1937ರಲ್ಲಿ ಮಾರುಕಟ್ಟೆಗೆ ತಂದದ್ದು. ಆದರೂ ದ್ವೀಪದ ಜನ ಇದನ್ನು ತಮ್ಮದು ಎನ್ನುತ್ತಾರೆ, ಮುಜುಗರವಿಲ್ಲದೆ. ಹೊರಗಿನಿಂದ ಬಂದದ್ದು ನಮ್ಮದಾಗುವುದು ಯಾವ ಗಳಿಗೆಯಲ್ಲಿ?

ಮೊದಲು ಬಂದದ್ದು ಅನ್ನ ಒತ್ತುವ ಕೈ. 1885ರಿಂದ ಜಪಾನಿನ ಕೂಲಿಗಳು ಒಪ್ಪಂದದ ಮೇಲೆ ಹವಾಯಿಯ ಕಬ್ಬಿನ ತೋಟಗಳಿಗೆ ಸಾವಿರಗಟ್ಟಲೆ ಬಂದರು. ಒದ್ದೆ ಕೈಯಲ್ಲಿ ಅನ್ನ ಒತ್ತಿ, ಒಳಗೆ ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣನ್ನೋ ಮೀನನ್ನೋ ಇಟ್ಟು ಬುತ್ತಿ ಕಟ್ಟುವುದು ಅವರ ಊರಿನ ರೂಢಿ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬು ಬಿದ್ದಾಗ ದ್ವೀಪಗಳ ಮೂರನೆಯ ಒಂದು ಪಾಲಿಗೂ ಹೆಚ್ಚು ಜನ ಜಪಾನಿ ಮೂಲದವರಾಗಿದ್ದರು. ಅಂದೇ ಸೇನಾಡಳಿತ ಬಂತು. 1944ರ ಅಕ್ಟೋಬರ್‌ವರೆಗೂ ಹೋಗಲಿಲ್ಲ. ಕೆಲವರು ಬಂದಿಖಾನೆ ಸೇರಿದರು, ಉಳಿದವರ ಮೇಲೆ ಕಣ್ಣಿತ್ತು. ಜಪಾನಿ ಮೂಲದ ಬೆಸ್ತರ ದೋಣಿಗಳನ್ನು ಕಡಲಿಗೆ ಬಿಡಲಿಲ್ಲ. ಸುತ್ತಲೂ ನೀರು, ಮನೆಯಲ್ಲಿ ಮೀನಿಗೆ ಬರ. ಆಗ ಸೈನಿಕರಿಗೆಂದು ಹಡಗುಗಳಲ್ಲಿ ಬಂದಿಳಿಯುತ್ತಿದ್ದದ್ದು ಕೆಡದ, ತಂಪುಪೆಟ್ಟಿಗೆ ಬೇಡದ ಡಬ್ಬಿ ಮಾಂಸ. ಅದು ಮೆಲ್ಲಗೆ ಊರಿನ ಅಡುಗೆಮನೆಗಳಿಗೂ ಇಳಿಯಿತು. ತಮ್ಮನ್ನು ಶತ್ರುಗಳೆಂದು ಕಂಡ ಸೇನೆಯ ಊಟವನ್ನು ಜನ ತಮ್ಮ ಅಜ್ಜಿಯರ ಅನ್ನದ ಜೊತೆ ಕೂರಿಸಿದರು.

ಇದನ್ನು ಬಡತನದ ತಿಂಡಿ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಮುಸುಬಿಗೆ ಇಂದಿನ ಚೌಕ ರೂಪ ಬಂದು ಅದು ಅಂಗಡಿಗಳನ್ನು ತುಂಬಿದ್ದು 1980ರ ದಶಕದಲ್ಲಿ. ಅದರ ಶ್ರೇಯವನ್ನು ಅನೇಕರು ಕವಾಯಿ ದ್ವೀಪದ ಬಾರ್ಬರಾ ಫುನಮುರಾ ಅವರಿಗೆ ಕೊಡುತ್ತಾರೆ; ಹೊನೊಲುಲುವಿನಲ್ಲಿ ಬೇರೆ ಹೆಸರೂ ಕೇಳಿಬರುತ್ತದೆ. ಅಷ್ಟು ಹೊತ್ತಿಗೆ ಯುದ್ಧ ಮುಗಿದು ನಾಲ್ಕು ದಶಕವಾಗಿತ್ತು, ಮೀನು ಮರಳಿತ್ತು. ನಮ್ಮಲ್ಲೂ ಇಂಥದ್ದೇ ನಡೆದಿದೆ. ಅದೇ ಯುದ್ಧದಲ್ಲಿ, 1942ರಲ್ಲಿ ಬರ್ಮಾ ಜಪಾನಿನ ಕೈಸೇರಿ ಭಾರತಕ್ಕೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಗೆ ತತ್ವಾರವಾದ ಆ ಕಾಲದಲ್ಲೇ ರವೆಯಲ್ಲಿ ಇಡ್ಲಿ ಮಾಡಿದೆವು ಎಂಬುದು ಬೆಂಗಳೂರಿನ ಎಂಟಿಆರ್ ಹೋಟೆಲು ಹೇಳಿಕೊಂಡು ಬಂದ ಕಥೆ. ಅಕ್ಕಿ ಮರಳಿ ಬಂತು, ರವೆ ಇಡ್ಲಿ ಹೋಗಲಿಲ್ಲ. ಇಲ್ಲದಾಗ ತಿಂದದ್ದನ್ನು ಇದ್ದಾಗಲೂ ಬೇಡಿ ತಿನ್ನುತ್ತೇವೆ ಎಂದರೆ, ಕೊರತೆ ಕಲಿಸಿದ್ದನ್ನು ನಾಲಿಗೆ ತನ್ನದಾಗಿ ಆರಿಸಿಕೊಂಡಿದೆ ಎಂದೇ ಅರ್ಥ.

ಆದರೆ ಆ ಆಯ್ಕೆ ಎಷ್ಟು ಸ್ವತಂತ್ರ? ಮನೆಯಲ್ಲಿ ಮಾಡುವ ಬಗೆಯಲ್ಲೇ ಈ ಅನುಮಾನ ಏಳುತ್ತದೆ. ಅನ್ನ ಉದುರುದುರಾದರೆ ನಮಗೆ ಮೆಚ್ಚು. ಇಲ್ಲಿ ಅದು ಒಂದಕ್ಕೊಂದು ಅಂಟಬೇಕು, ಹಾಗಾಗಿ ಸೋನಾಮಸೂರಿ ಒಗ್ಗದು. 340 ಗ್ರಾಮಿನ ಡಬ್ಬಿಯ ಮಾಂಸವನ್ನು ಸಾಮಾನ್ಯವಾಗಿ ಎಂಟು ಹೋಳು ಮಾಡಿ, ಅದರದೇ ಕೊಬ್ಬಿನಲ್ಲಿ ಅಂಚು ಕೆಂಪಾಗುವವರೆಗೆ ಹುರಿದು, ಸೋಯಾ ಸಾಸ್ ಮತ್ತು ಸಕ್ಕರೆಯ ಪಾಕ ಮೆತ್ತಿಕೊಳ್ಳುವಂತೆ ಹೊರಳಿಸುತ್ತಾರೆ. ಅಚ್ಚು ಇಲ್ಲದ ಮನೆಯಲ್ಲಿ ಖಾಲಿ ಡಬ್ಬಿಯೇ ಅಚ್ಚು. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿಸಿ ಅನ್ನ ಹಾಕಿ ಒತ್ತಿ, ಹಾಳೆ ಹಿಡಿದು ಎತ್ತಿದರೆ ಹೋಳಿನ ಅಳತೆಗೆ ಸರಿಯಾಗಿ ಅನ್ನ ಬರುತ್ತದೆ. ಬಿಸಾಡುವ ಡಬ್ಬಿಯನ್ನು ಪಾತ್ರೆ ಮಾಡಿಕೊಂಡ ಜಾಣತನ ಇದು. ಇನ್ನೊಂದು ಕಡೆಯಿಂದ ನೋಡಿದರೆ, ಕೈಯಲ್ಲಿ ಆಕಾರ ಪಡೆಯುತ್ತಿದ್ದ ಅನ್ನ ಕಾರ್ಖಾನೆಯ ಆಕಾರಕ್ಕೆ ಇಳಿದ ಕಥೆಯೂ ಹೌದು. ಡಬ್ಬಿಯನ್ನು ಜನ ಪಳಗಿಸಿದರೋ, ಜನರನ್ನು ಡಬ್ಬಿ ಪಳಗಿಸಿತೋ?

ಆ ಪ್ರಶ್ನೆಯ ತಳದಲ್ಲಿ ಇನ್ನೂ ಹಳೆಯ ಒಂದು ಬೆಳೆ ಇದೆ. ಜಪಾನಿಗಳಿಗಿಂತ, ಸಕ್ಕರೆಗಿಂತ ಎಷ್ಟೋ ಮೊದಲು ಅಲ್ಲಿಯ ಮೂಲನಿವಾಸಿಗಳು ದೋಣಿಗಳಲ್ಲಿ ತಂದು ನೆಟ್ಟದ್ದು ಕಲೋ, ಎಂದರೆ ನಮ್ಮ ಕರಾವಳಿಯವರು ಪತ್ರೊಡೆಗೆ ಎಲೆ ಕೊಯ್ಯುವ ಕೆಸುವೇ. ಮೊದಲು ಹುಟ್ಟಿ ತೀರಿಹೋದ ಕೂಸನ್ನು ಹೂಳಿದಲ್ಲಿ ಕೆಸು ಮೊಳೆಯಿತು, ಆಮೇಲೆ ಹುಟ್ಟಿದವನು ಮನುಷ್ಯ ಎಂಬುದು ಅವರ ಪುರಾಣ. ಹಾಗಾಗಿ ಕೆಸು ಅವರಿಗೆ ಒಡಹುಟ್ಟಿದ ಅಣ್ಣ. ಕಬ್ಬಿನ ತೋಟಗಳು ಹಳ್ಳದ ನೀರನ್ನು ತಿರುಗಿಸಿಕೊಂಡವು, ಕೆಸುವಿನ ಗದ್ದೆಗಳು ಒಣಗಿದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎಷ್ಟೋ ಗದ್ದೆಗಳಲ್ಲಿ ಭತ್ತ ಎದ್ದಿತು. 1893ರಲ್ಲಿ ಹವಾಯಿಯ ರಾಣಿ ಲಿಲಿಉಒಕಲಾನಿಯ ಸಿಂಹಾಸನವೂ ಹೋಯಿತು. ಇಂದು ದ್ವೀಪಗಳು ಉಣ್ಣುವುದರಲ್ಲಿ ಬಹುಪಾಲು ಹಡಗಿನಲ್ಲೇ ಬರಬೇಕು. ಹಡಗಿನ ಮೇಲಿನ ಅವಲಂಬನೆಯನ್ನೇ ಜನ ರುಚಿಯೆಂದು ಕರೆಯುತ್ತಿದ್ದಾರೆ ಎಂದು ಯಾರಾದರೂ ಆಡಿಕೊಂಡರೆ ಆ ಮಾತನ್ನು ಸುಮ್ಮನೆ ತಳ್ಳಿಹಾಕಲಾಗದು.

ಆದರೂ ಮೂಲದ ಶುದ್ಧಿಯೊಂದರಿಂದಲೇ ‘ನಮ್ಮದು’ ನಿಶ್ಚಯವಾಗುವುದಾದರೆ ತೋಟಕ್ಕೆ ಬಂದ ಕೂಲಿಯ ಮೊಮ್ಮಗನಿಗೆ ತನ್ನದು ಎನ್ನಲು ಏನೂ ಉಳಿಯದು. ಅವನಿಗೆ ಸಿಕ್ಕಿದ್ದೆಲ್ಲ ಇನ್ನೊಬ್ಬರ ನೆಲ, ಇನ್ನೊಬ್ಬರ ಡಬ್ಬಿ. ಬೇರೊಂದು ಅಳತೆ ಬೇಕು, ಅದು ಆ ಎಂಟು ಹೋಳುಗಳಲ್ಲೇ ಇದೆ. ತನಗೊಬ್ಬನಿಗೆಂದು ಒಂದೇ ಮುಸುಬಿ ಮಾಡಲು ಯಾರೂ ಡಬ್ಬಿ ಒಡೆಯುವುದಿಲ್ಲ. ಒಡೆದರೆ ಎಂಟಾಗುತ್ತದೆ; ಎಂಟಾದರೆ ತಿನ್ನಲು ಮನೆಯವರು ಬೇಕು, ಪಕ್ಕದ ಮನೆಯವರು ಬೇಕು, ಅವರ ಮೂಲ ಚೀನಾವೋ ಪೋರ್ಚುಗಲ್ಲೋ ಫಿಲಿಪ್ಪೀನ್ಸೋ ಎಂದು ಕೇಳುವ ಪ್ರಶ್ನೆಯಿಲ್ಲ. ಕಂಪನಿ ಮಾರಿದ್ದು, ಸೇನೆ ಇಳಿಸಿದ್ದು ಇನ್ನೊಬ್ಬರ ಬುತ್ತಿಗೆ ಕಟ್ಟಿಕೊಟ್ಟ ಗಳಿಗೆಯಿಂದ ಕಟ್ಟಿದವರದಾಯಿತು.

ಹೀಗೆ ಪಡೆದ ಹಕ್ಕಿಗೆ ಋಣವೂ ಅಂಟಿರುತ್ತದೆ. ಈಚಿನ ದಶಕಗಳಲ್ಲಿ ಹವಾಯಿಯಲ್ಲಿ ಹಳ್ಳಗಳಿಗೆ ನೀರು ಮರಳಿಸಲು, ಕೆಸುವಿನ ಗದ್ದೆಗಳನ್ನು ಮತ್ತೆ ಎಬ್ಬಿಸಲು ಜನ ಹೋರಾಡುತ್ತ ಬಂದಿದ್ದಾರೆ. ಆ ಕೆಸರಿಗಿಳಿದವರು ಮಧ್ಯಾಹ್ನ ಮುಸುಬಿ ತಿಂದರೆ ಅದರಲ್ಲಿ ದ್ವಂದ್ವವೇನಿಲ್ಲ. ಹಂಚಿ ತಿಂದದ್ದು ನಮ್ಮದು ಎನ್ನುವವರಿಗೆ, ಯಾರ ಪಾಲನ್ನು ಕಿತ್ತುಕೊಂಡ ನೆಲದಲ್ಲಿ ಹಂಚಿದೆವು ಎಂದು ಕೇಳಿಕೊಳ್ಳುವ ಹೊಣೆಯೂ ಇದೆ. ಹಕ್ಕು, ಹೊಣೆ ಎರಡನ್ನೂ ಒಟ್ಟಿಗೆ ಹೊತ್ತವರ ಬಾಯಲ್ಲಿ ‘ನಮ್ಮದು’ ಎಂಬ ಮಾತಿಗೆ ತೂಕ ಬರುತ್ತದೆ.