ಬಾವಿಯೊಳಗಿನ ಸಂಸಾರ

ತುಳಸಿ ಕುಂಡವನ್ನು ಸರಿಸಿದಾಗ ಅಡಿಯ ತೇವದಲ್ಲಿ ಬೂದುಬಣ್ಣದ ಪುಟ್ಟ ಹುಳುಗಳು ಗಡಿಬಿಡಿಯಿಂದ ಓಡುವುದನ್ನು ಮುಂಬಯಿ ಬಳಿಯ ಡೊಂಬಿವಲಿಯ ಬಾಲ್ಕನಿಯಲ್ಲೂ ಕಾಣುತ್ತೇವೆ. ಅವುಗಳಲ್ಲಿ ಕೆಲವು ಮುಟ್ಟಿದರೆ ಮೆಣಸಿನ ಕಾಳಿನಂತೆ ಉಂಡೆಯಾಗುತ್ತವೆ. ಹುಳು ಎಂದು ಕರೆದರೂ ಅವು ಸಿಗಡಿ, ಏಡಿಗಳ ಬಳಗದವು. ಐಸೊಪಾಡ್ ಎಂಬುದು ಶಾಸ್ತ್ರದ ಹೆಸರು. ಇದೇ ಬಳಗದ ಕೆಲವು ಜೀವಿಗಳು ನೆಲದಡಿಯ ಸಿಹಿನೀರಿನಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತವೆ.

ಅಂಥದ್ದೊಂದು ಕಾಶಿಯ ಬಾವಿಗಳಲ್ಲಿ ಸಿಕ್ಕಿತು. 1950ರಲ್ಲಿ ಚೋಪ್ರಾ ಮತ್ತು ತಿವಾರಿ ಎಂಬ ವಿಜ್ಞಾನಿಗಳು ಅದನ್ನು ವಿವರಿಸಿ ನಿಕೋಲ್ಸಿಯಾ ಕಾಶಿಯೆನ್ಸೆ ಎಂದು ಹೆಸರಿಟ್ಟರು. ಅದಕ್ಕೆ ಕಣ್ಣಿಲ್ಲ, ಮೈಗೆ ಬಣ್ಣವೂ ಇಲ್ಲ. ಕತ್ತಲೆಯ ನೀರಿನಲ್ಲಿ ಎರಡರ ಹಂಗೂ ಬೇಕಿಲ್ಲ. 2011ರಲ್ಲಿ ಇದೇ ಮನೆತನದ ಇನ್ನೊಂದು ಆಂಧ್ರದ ಅಂತರ್ಜಲದಿಂದ ವರದಿಯಾಯಿತು. ಉಳಿದ ನೆಂಟರಲ್ಲಿ ಹೆಚ್ಚಿನವರು ಆಸ್ಟ್ರೇಲಿಯಾದಲ್ಲಿದ್ದಾರೆ! ಕಡಲು ಈಜಿ ಬರುವ ಜೀವಿಗಳಲ್ಲ ಇವು. ಎರಡೂ ನೆಲಗಳು ಒಂದೇ ಭೂಖಂಡವಾಗಿದ್ದ ಕಾಲದಿಂದ ಬಂದ ವಂಶವಿದು.

ಕಡಲ ಏಡಿಯ ಮರಿಗಳು ನೀರಿನಲ್ಲಿ ತೇಲಿ ದೂರ ದೂರ ಸೇರಿಕೊಳ್ಳುತ್ತವೆ. ಐಸೊಪಾಡ್ ತಾಯಿಯ ಕ್ರಮವೇ ಬೇರೆ. ಎದೆಯಡಿಯ ಚೀಲದಲ್ಲಿ ಮೊಟ್ಟೆಗಳನ್ನು ಹೊತ್ತು ತಿರುಗಿ, ಮರಿ ತಾನೇ ನಡೆಯುವಂತಾದ ಮೇಲಷ್ಟೇ ಹೊರಗೆ ಬಿಡುತ್ತದೆ. ಹೊರಬರುವಾಗ ಮರಿಗೆ ಆರು ಜೊತೆ ಕಾಲು. ಏಳನೆಯ ಜೊತೆ ಆಮೇಲೆ ಮೂಡುತ್ತದೆ. ಇಷ್ಟು ಜತನದಿಂದ ಬೆಳೆದವು ಹುಟ್ಟಿದ ನೀರನ್ನು ಬಿಟ್ಟು ಬಹುದೂರ ಹೋಗುವುದಿಲ್ಲ. ಹಾಗಾಗಿ ಅವುಗಳ ನೆಲೆ ಬಲು ಚಿಕ್ಕದು. ನಕ್ಷೆಯಲ್ಲಿ ಅದಕ್ಕೆ ಬೀಳುವ ಚುಕ್ಕೆಗಳೂ ಯಾರೋ ಶ್ರದ್ಧೆಯಿಂದ ಬಗ್ಗಿ ನೋಡಿದ ಬಾವಿಗಳವು ಮಾತ್ರ. ಕೆಲವೇ ಬಾವಿಗಳನ್ನು ನಂಬಿದ ಜೀವಿಗೆ ಒಂದು ಬಾವಿ ಕೆಟ್ಟರೂ ದೊಡ್ಡ ನಷ್ಟವೇ.

ನಮ್ಮ ಸುತ್ತಲೂ ಬಾವಿಗಳು ಕೆಡುತ್ತಿವೆ. ಕಲ್ಯಾಣ, ಡೊಂಬಿವಲಿಗೆ ಉಲ್ಹಾಸ್ ನದಿಯ ನೀರು, ನವಿ ಮುಂಬಯಿಗೆ ಮೊರ್ಬೆ ಅಣೆಕಟ್ಟಿನ ನೀರು ನಲ್ಲಿಯಲ್ಲಿ ಬರುತ್ತದೆ. ನಲ್ಲಿ ಬಂದ ಮೇಲೆ ಹಳೆಯ ಊರುನೆಲೆಗಳಾದ ಗಾವ್‌ಠಾಣಗಳ ಬಾವಿಗಳನ್ನು ನಾವು ಮರೆತೆವು. ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲದ ಸಮೇತ ಬಾವಿಯೊಳಗೆ ಎಸೆಯುವವರು ಭಕ್ತಿಯಿಂದಲೇ ಎಸೆಯುತ್ತಾರೆ, ಆದರೆ ಆ ಹೂವು ಕುಂಡದ ಮಣ್ಣಿಗೆ ಗೊಬ್ಬರವಾದರೂ ದೇವರಿಗೆ ಒಪ್ಪಿಗೆಯೇ. ನಿಮ್ಮ ಸೊಸೈಟಿಯ ಆವರಣದಲ್ಲಿ ಬಾವಿ ಇದ್ದರೆ ಮಣ್ಣು ತುಂಬಿಸಿ ಮುಚ್ಚುವುದು ಬೇಡ. ಗಟ್ಟಿಯಾದ ಜಾಲರಿ ಹಾಕಿಸಿ. ಹೂಳೆತ್ತುವ ದಿನ ಮೊದಲ ಬಕೆಟ್ ನೀರನ್ನು ಚರಂಡಿಗೆ ಚೆಲ್ಲದೆ ಬಿಳಿ ತಟ್ಟೆಗೆ ಸುರಿದು ಮಕ್ಕಳನ್ನು ಕರೆಯಿರಿ. ಏನಾದರೂ ಹರಿದಾಡಿದರೆ ಫೋಟೊ ತೆಗೆದು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ತೋರಿಸಿ, ಆ ನೀರನ್ನು ಮರಳಿ ಬಾವಿಗೇ ಬಿಡಿ.