ಉಂಡು ಮಲಗಲು ಪುರುಸೊತ್ತಿಲ್ಲದ ಊರಿನಲ್ಲಿ

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಅಂತ ನಮ್ಮ ಕಡೆ ಗಾದೆ. ಈ ಗಾದೆ ಮಾಡಿದವರು ಎರಡು ಸಂಗತಿಗಳನ್ನು ಹೇಳದೆಯೇ ಒಪ್ಪಿಕೊಂಡುಬಿಟ್ಟಿದ್ದರು. ಗಂಡ ಹೆಂಡತಿ ಒಂದೇ ಹೊತ್ತಿಗೆ ಉಣ್ಣುತ್ತಾರೆ, ಒಂದೇ ಹೊತ್ತಿಗೆ ಮಲಗುತ್ತಾರೆ ಎಂದು. ಮೂವತ್ತು ವರ್ಷಕ್ಕೂ ಮಿಕ್ಕಿ ಬೊರಿವಲಿಯಲ್ಲಿ ಇದ್ದವನಾಗಿ ಹೇಳುತ್ತೇನೆ, ಇಲ್ಲಿ ಇವೆರಡೂ ಭಾನುವಾರದ ಮಾತು. ಹೆಂಡತಿ ಚರ್ಚ್‌ಗೇಟಿನ ಫಾಸ್ಟ್ ಲೋಕಲ್ ಹಿಡಿದರೆ ಗಂಡ ಐರೋಲಿಗೋ ಪೊವಾಯಿಗೋ ಹೋಗಿರುತ್ತಾನೆ. ಅವಳು ಬಂದು ಕುಕ್ಕರ್ ಇಡುವ ಹೊತ್ತಿಗೆ ಅವನ ಅಮೆರಿಕದ ಕಾಲ್ ಶುರು. ಪಕ್ಕದ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ದನಿ ಏರಿಸುವಂತೆಯೂ ಇಲ್ಲ. ಹೀಗಾಗಿ ಜಗಳ ಆಗುವುದಿಲ್ಲ, ಜಮೆಯಾಗುತ್ತದೆ.

ಇದನ್ನು ಬರೆಯಲು ಒಂದು ಕಾರಣವಿದೆ. ತೀರಿಹೋದ ನನ್ನ ಸ್ನೇಹಿತನೊಬ್ಬನ ಮಗಳು, ಅಳಿಯ ಇಲ್ಲೇ ಹತ್ತಿರದಲ್ಲಿ ಬಾಡಿಗೆಗೆ ಇದ್ದಾರೆ. ಮದುವೆಯಾಗಿ ಎಂಟು ವರ್ಷ, ಒಂದು ಮಗು. ಕೆಲವು ತಿಂಗಳ ಹಿಂದೆ ಇಬ್ಬರೂ ರಜೆ ಹಾಕಿ ಮೂರು ದಿನದ 'ಇಂಟೆನ್ಸಿವ್' ಕೌನ್ಸೆಲಿಂಗ್‌ಗೆ ಹೋಗಿ ಬಂದರು. ಹುಡುಗಿಯ ತಾಯಿ ಸಾಗರದ ಹತ್ತಿರದ ಹಳ್ಳಿಯಿಂದ ನನಗೆ ಫೋನ್ ಮಾಡಿ ಕೇಳಿದರು: "ಗಂಡ ಹೆಂಡತಿ ಮಾತಾಡೋಕೆ ಯಾರಿಗೋ ದುಡ್ಡು ಕೊಡೋದಾ? ಮೂರು ದಿನ ಏನು ಮಾಡ್ತಾರೆ ಅಲ್ಲಿ? ಸರಿಹೋಗಿ ಬರ್ತಾರಾ?" ಊರಿನಲ್ಲಿ ಕೂತು ಇದೇ ಪ್ರಶ್ನೆ ಕೇಳುವ ತಂದೆತಾಯಿ ಇನ್ನೂ ಬಹಳ ಜನ ಇದ್ದಾರು ಅನ್ನಿಸಿತು. ಗುರುತು ಸಿಗದ ಹಾಗೆ ಬರೆಯಬಹುದು ಅಂತ ಆ ಇಬ್ಬರೂ ಒಪ್ಪಿದ ಮೇಲೆ ಬರೆಯುತ್ತಿದ್ದೇನೆ.

ಏನು ಮಾಡುತ್ತಾರೆ ಅನ್ನುವುದು ಸುಲಭದ ಪ್ರಶ್ನೆ. ಸಾಮಾನ್ಯ ಕೌನ್ಸೆಲಿಂಗ್ ವಾರಕ್ಕೊಂದು ಸಲ, ಐವತ್ತು ನಿಮಿಷದಿಂದ ಒಂದು ತಾಸು. ಬೊರಿವಲಿಯಿಂದ ಅಂಧೇರಿಗೋ ಬಾಂದ್ರಾಕ್ಕೋ ಹೋಗಿ, ನಲವತ್ತನೇ ನಿಮಿಷಕ್ಕೆ ಗಾಯದ ಕಟ್ಟು ಬಿಚ್ಚಿ, ಐವತ್ತನೇ ನಿಮಿಷಕ್ಕೆ 'ಮುಂದಿನ ವಾರ ನೋಡೋಣ' ಅನ್ನಿಸಿಕೊಂಡು, ವಾಪಸ್ಸು ಬರುವಾಗ ಅವಳು ಲೇಡೀಸ್ ಡಬ್ಬಿಯಲ್ಲಿ, ಇವನು ಜನರಲ್‌ನಲ್ಲಿ. ಇಂಟೆನ್ಸಿವ್ ಎಂದರೆ ಆ ಹಲವು ವಾರಗಳನ್ನು ಎರಡು ಮೂರು ದಿನಕ್ಕೆ ಒತ್ತಿ ಕೂರಿಸುವುದು. ದಿನಕ್ಕೆ ಐದಾರು ಗಂಟೆ. ಮೊದಲೇ ಇಬ್ಬರಿಗೂ ಬೇರೆಬೇರೆ ಪ್ರಶ್ನಾವಳಿ ಬರುತ್ತದೆ. ಮೊದಲ ದಿನ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುತ್ತಾರೆ, ಆಮೇಲೆ ಜೊತೆಗೆ. ಒಬ್ಬರು ಹೇಳುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಕೇಳಿಸಿಕೊಂಡದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು, ಹೇಳಿದವರು 'ಹೌದು, ಇದೇ ನಾನು ಹೇಳಿದ್ದು' ಅನ್ನುವ ತನಕ. ಕೇಳುವುದಕ್ಕೆ ಮಕ್ಕಳಾಟ. ಈ ಒಂದು ಕೆಲಸಕ್ಕೇ ಅವರಿಗೆ ಅರ್ಧ ದಿನ ಹಿಡಿಯಿತಂತೆ. ಎರಡನೇ ದಿನ ಮಧ್ಯಾಹ್ನ 'ಯಾಕಾದರೂ ಬಂದೆವೋ' ಅನ್ನಿಸುವುದು ಸಾಮಾನ್ಯ ಎಂದು ಮೊದಲೇ ಎಚ್ಚರಿಸಿದ್ದರು. ಹಾಗೆಯೇ ಆಯಿತು.

ಒಬ್ಬೊಬ್ಬರನ್ನೇ ಕೂರಿಸುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಊರಿನವರು ತಿಳಿದಿರಬೇಕು. ಹೊಡೆತ ಇದೆಯಾ, ಹೆದರಿಕೆ ಇದೆಯಾ ಎಂದು ಅಲ್ಲಿ ಕೇಳುತ್ತಾರೆ. ಇದ್ದರೆ, ಕೆಲಸ ತಿಳಿದ ಯಾರೂ ಇಬ್ಬರನ್ನು ಒಟ್ಟಿಗೆ ಕೂರಿಸಿ 'ಮನಸ್ಸು ಬಿಚ್ಚಿ ಮಾತಾಡಿ' ಅನ್ನುವುದಿಲ್ಲ. ಹಗಲು ಬಿಚ್ಚಿದ ಮನಸ್ಸಿಗೆ ರಾತ್ರಿ ಪೆಟ್ಟು ಬೀಳುತ್ತದೆ. ಅಂಥ ಹೆಣ್ಣುಮಕ್ಕಳಿಗೆ ಬೇಕಾದದ್ದು ರಕ್ಷಣೆ. ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್‌ನವರು 1984ರಲ್ಲಿ ಮುಂಬಯಿ ಪೊಲೀಸ್ ಇಲಾಖೆಯೊಳಗೇ ಮಹಿಳೆಯರಿಗಾಗಿ ಸ್ಪೆಷಲ್ ಸೆಲ್ ತೆರೆದದ್ದು ಈ ಕಾರಣಕ್ಕೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇರುವುದೂ ಇದಕ್ಕೇ.

'ಯಾರೋ ಮೂರನೆಯವರು' ಅನ್ನುವ ಆಕ್ಷೇಪಣೆಗೆ ಬರೋಣ. ಇದು ಫಾರಿನ್ನಿನ ಖಯಾಲಿ ಅಂತ ತಿಳಿಯಬೇಕಾಗಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಅವರು ರೋಗಿಗಳ ಮನೆಯವರನ್ನೇ ಕರೆಸಿ ಆವರಣದಲ್ಲಿ ಟೆಂಟು ಹಾಕಿ ಇರಿಸಿಕೊಂಡರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಂಪತಿಗಳನ್ನು, ಇಡೀ ಕುಟುಂಬಗಳನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ಪದ್ಧತಿ ದಶಕಗಳಿಂದ ಇದೆ. ಇಲ್ಲಿ ಬೊರಿವಲಿಯ ಐ.ಸಿ. ಕಾಲೊನಿಯಲ್ಲಿ ಕ್ರೈಸ್ತರು ಬಹಳ. ಅವರಿಗೆ 'ಮ್ಯಾರೇಜ್ ಎನ್‌ಕೌಂಟರ್' ಹೊಸದಲ್ಲ. 1962ರಲ್ಲಿ ಸ್ಪೇನಿನ ಫಾದರ್ ಗೇಬ್ರಿಯಲ್ ಕಾಲ್ವೊ ಶುರುಮಾಡಿದ್ದು. ವಾರದ ಕೊನೆಯಲ್ಲಿ ದಂಪತಿಗಳು ಮನೆಮಕ್ಕಳನ್ನು ಬಿಟ್ಟು ಹೋಗಿ, ಒಬ್ಬರಿಗೊಬ್ಬರು ಕಾಗದ ಬರೆದು, ಇಬ್ಬರೇ ಕೂತು ಓದಿಕೊಳ್ಳುತ್ತಾರೆ. ಅದು ಮುರಿದ ಮದುವೆಗೆ ಔಷಧಿ ಅಲ್ಲ, ನಡೆಯುತ್ತಿರುವ ಮದುವೆಯನ್ನು ಚೆನ್ನಾಗಿ ನಡೆಸುವುದಕ್ಕೆ ಎಂದು ಅವರೇ ಹೇಳುತ್ತಾರೆ. ನಾವು ಬ್ರಾಂಚಿನಲ್ಲಿ ಎದುರುಬದುರು ಮೂವತ್ತು ವರ್ಷ ಕೂತರೂ ಒಂದು ಕಾಗದ ಬರೆದುಕೊಳ್ಳದವರು, ಬಿಡಿ.

ಊರಿನಲ್ಲೂ ಮೂರನೆಯವರು ಇರಲಿಲ್ಲವೆ? ಜಗಲಿಯ ಮೇಲೆ ಕವಳ ಹಾಕುತ್ತ ಕೂತ ಹಿರಿಯರು ಯಾರು ಹಾಗಾದರೆ? ಅವರಿಗೆ ಫೀಸು ಕೊಡಬೇಕಿರಲಿಲ್ಲ ನಿಜ. ಆದರೆ ಆ ಪಂಚಾಯಿತಿಗಳನ್ನು ನೋಡಿ ಬೆಳೆದವನು ನಾನು. ಮನೆತನದ ಹೆಸರು, ಹಿಂದೆ ಮದುವೆಗೆ ನಿಂತಿರುವ ತಂಗಿ, ತೋಟದ ಪಾಲು, ಎಲ್ಲವೂ ಆ ತೀರ್ಮಾನದೊಳಗೆ ಇರುತ್ತಿದ್ದವು. 'ಹೊಂದಿಕೊಂಡು ಹೋಗಮ್ಮ' ಅನ್ನುವ ಮಾತಿನ ಕೊನೆಯ 'ಅಮ್ಮ'ವನ್ನು ಗಮನಿಸಿ. 'ಹೊಂದಿಕೊಂಡು ಹೋಗಪ್ಪ' ಎಂದು ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ. ಬ್ಯಾಂಕಿನಲ್ಲಿ ಸಾಲ ಕೇಳಿದವನು ನಮ್ಮ ಸಂಬಂಧಿಕನಾದರೆ ಆ ಫೈಲಿಗೆ ನಾವು ಸಹಿ ಹಾಕುವಂತಿಲ್ಲ. ಅಪರಿಚಿತನ ಯೋಗ್ಯತೆ ಅವನಿಗೆ ನಮ್ಮ ಮನೆಯಲ್ಲಿ ಯಾವ ಪಾಲೂ ಇಲ್ಲದಿರುವುದರಲ್ಲೇ ಇದೆ. ಆದರೂ ಒಂದು ಮಾತು ಒಪ್ಪಬೇಕು. ಹಿರಿಯರು ಮಾರನೇ ದಿನವೂ ಅಲ್ಲೇ ಇರುತ್ತಿದ್ದರು. ಹಲಸಿನಹಣ್ಣು ಕೊಡುವ ನೆಪದಲ್ಲಿ ಬಂದು, ಅಡಿಗೆಮನೆ ಕಡೆ ಕಣ್ಣು ಹಾಯಿಸಿ ಹೋಗುತ್ತಿದ್ದರು. ಮೂರು ದಿನದ ಥೆರಪಿಸ್ಟ್‌ಗೆ ಅದು ಸಾಧ್ಯವಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರುವವರು ಯಾರು ಎಂಬಲ್ಲಿಗೆ ಎಲ್ಲವೂ ಮತ್ತೆ ಮೊದಲಿನಿಂದ.

ಹೊರಡುವ ಹಿಂದಿನ ದಿನ ಹುಡುಗಿ ನನ್ನ ಹತ್ತಿರ ಹೇಳಿದ್ದು, "ಯಾರದ್ದು ತಪ್ಪು ಅಂತ ಅವರೇ ಹೇಳಲಿ ಅಂಕಲ್." ಹುಡುಗ ಬೇರೆ ಸಂದರ್ಭದಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಇಬ್ಬರೂ ತೀರ್ಪು ತರಲು ಹೋದವರು. ಥೆರಪಿಸ್ಟ್ ತೀರ್ಪು ಕೊಡುವುದಿಲ್ಲ. ಇದು ನನ್ನನ್ನು ಬಹಳ ದಿನ ಕಾಡಿತು. ಅನ್ಯಾಯ ಆಗಿದ್ದರೆ ಅನ್ಯಾಯ ಅಂತ ಹೇಳದೆ ಇರುವುದು ಯಾವ ನ್ಯಾಯ? ಇಬ್ಬರ ಮಾತಿಗೂ ತಲೆಯಾಡಿಸುತ್ತ ಕೂರುವುದು ಜಾಣತನವೋ, ಜಾರಿಕೊಳ್ಳುವುದೋ?

ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಗಾಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ದಂಪತಿಗಳ ಮಾತುಕತೆಯನ್ನು ವರ್ಷಗಟ್ಟಲೆ ಚಿತ್ರೀಕರಿಸಿ ಅಭ್ಯಾಸ ಮಾಡಿದವರು. ಅವರ ಲೆಕ್ಕದಲ್ಲಿ ದಂಪತಿಗಳ ಜಗಳದ ವಿಷಯಗಳಲ್ಲಿ ಶೇ. 69ರಷ್ಟು ಎಂದೂ ಬಗೆಹರಿಯುವಂಥವಲ್ಲ. ಸುಖವಾಗಿರುವವರ ಮನೆಯಲ್ಲೂ ಅವು ಇದ್ದೇ ಇರುತ್ತವೆ. ಊರಿಗೆ ಎಷ್ಟು ಹಣ ಕಳಿಸುವುದು, ಅತ್ತೆ ಬಂದರೆ ಎಷ್ಟು ದಿನ ಇರುವುದು, ಫ್ಯಾನ್ ಎರಡರಲ್ಲೋ ನಾಲ್ಕರಲ್ಲೋ. ಇವಕ್ಕೆ ತೀರ್ಪು ಕೇಳುವುದೇ ಅಸಂಬದ್ಧ. ಇಲ್ಲಿ ಥೆರಪಿಸ್ಟ್ ಸುಮ್ಮನಿರುವುದು ಸರಿಯೇ. ಆದರೆ ಎಲ್ಲವೂ ಈ ಜಾತಿಯದ್ದಲ್ಲವಲ್ಲ.

ಈ ಮನೆಯಲ್ಲಿ ಹುಡುಗ ನಾಲ್ಕು ವರ್ಷದಿಂದ ಒಂದು ಪರ್ಸನಲ್ ಲೋನ್ ಮುಚ್ಚಿಟ್ಟಿದ್ದ. ತಮ್ಮನ ವ್ಯಾಪಾರಕ್ಕೆಂದು ತೆಗೆದದ್ದು. ಕಂತು ಸಂಬಳದಿಂದಲೇ ಹೋಗುತ್ತಿತ್ತು. 'ಸ್ವಂತ ಮನೆಗೆ ಯಾಕೆ ದುಡ್ಡು ಉಳಿಯುತ್ತಿಲ್ಲ' ಎಂದು ಅವಳು ಕೇಳಿದಾಗಲೆಲ್ಲ ಅವಳ ಖರ್ಚಿನ ಕಡೆಗೇ ಬೆರಳು ತೋರಿಸಿದ್ದ. ಇದು ಫ್ಯಾನಿನ ಜಗಳವಲ್ಲ. ಎರಡನೇ ದಿನ ಥೆರಪಿಸ್ಟ್ ಮಾಡಿದ್ದು ಇಷ್ಟು: ಸಾಲದ ಮೊತ್ತ, ತೆಗೆದ ತಾರೀಖು, ಉಳಿದಿರುವ ಬಾಕಿ, ಈ ಮೂರನ್ನೂ ಹೆಂಡತಿಯ ಮುಖ ನೋಡುತ್ತ ಹೇಳಿಸಿದರು. ಆಮೇಲೆ, ನಾಲ್ಕು ವರ್ಷ ಅವಳು ತನ್ನದೇ ತಪ್ಪೇನೋ ಎಂದು ಲೆಕ್ಕ ಹಾಕುತ್ತ ಕೂತದ್ದನ್ನು ಅವಳು ಹೇಳಿದಳು, ಅವನು ತಿರುಗಿ ಹೇಳಬೇಕಾಯಿತು. ಮೂರು ಸಲ ತಪ್ಪಿ, ನಾಲ್ಕನೇ ಸಲ ಸರಿಯಾಗಿ ಹೇಳಿದನಂತೆ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ರಿಕವರಿ ಸೆಕ್ಷನ್. ಸಾಲದ ಬಾಕಿಗೆ ಮೂರು ವರ್ಷದ ಕಾಲಮಿತಿ ಇರುತ್ತದೆ. ಆ ಅವಧಿ ಮುಗಿಯುವುದರೊಳಗೆ ಸಾಲಗಾರನು 'ಹೌದು, ಇಷ್ಟು ಬಾಕಿ ಇದೆ' ಎಂದು ಬರೆದು ಸಹಿ ಹಾಕಿದರೆ, 1963ರ ಲಿಮಿಟೇಷನ್ ಕಾಯ್ದೆಯ 18ನೇ ಕಲಮಿನ ಪ್ರಕಾರ ಅಲ್ಲಿಂದ ಹೊಸ ಅವಧಿ ಶುರು. ಆ ಸಹಿಯಿಂದ ಒಂದು ಪೈಸೆಯೂ ಜಮೆಯಾಗುವುದಿಲ್ಲ. ಬಾಕಿ ಕಡಿಮೆಯಾಗುವುದಿಲ್ಲ. ಆದರೆ ಕೇಳುವವನ ಹಕ್ಕು ಜೀವಂತ ಉಳಿಯುತ್ತದೆ. ಮೂರು ದಿನದ ಈ ವ್ಯವಹಾರದಿಂದ ನ್ಯಾಯವಾಗಿ ನಿರೀಕ್ಷಿಸಬಹುದಾದದ್ದು ಇದನ್ನೇ ಎಂದು ನನ್ನ ಅಭಿಪ್ರಾಯ. ಜನ ಅಕೌಂಟ್ ಕ್ಲೋಸ್ ಮಾಡಿಸಲು ಹೋಗುತ್ತಾರೆ, ಸಿಗುವುದು ಸಾಲದ ಒಪ್ಪಿಗೆ ಪತ್ರ. ತಪ್ಪನ್ನು ಮೂರನೆಯವರು ಘೋಷಿಸಿದ್ದರೆ ಅದು ಅವನ ಮೇಲೆ ಹೇರಿದ ತೀರ್ಪು, ಅಪೀಲಿಗೆ ಹೋಗುತ್ತಿದ್ದ. ಅವನ ಬಾಯಿಂದಲೇ ಬಂದದ್ದಕ್ಕೆ ಅಪೀಲಿಲ್ಲ. ಕ್ಷಮಿಸುವುದು ಬಿಡುವುದು ಆಮೇಲಿನ ಮಾತು, ಅದು ಅವಳಿಗೆ ಸೇರಿದ್ದು. ಮೂರು ದಿನದಲ್ಲಿ ಕ್ಷಮೆಯನ್ನೂ ಮುಗಿಸಿ ಕೊಡಿ ಎಂದು ಕೇಳುವುದು ಅವಳಿಗೆ ಎರಡನೇ ಅನ್ಯಾಯ.

ಅವಳ ಕಡೆಯ ಬಾಕಿಯೂ ಇತ್ತು. ಮಗುವಿನೆದುರು ಗಂಡನನ್ನು ಹೀಯಾಳಿಸುವ ಚಾಳಿ. ತಿರಸ್ಕಾರದ ಮಾತೇ ಮದುವೆಗೆ ಎಲ್ಲಕ್ಕಿಂತ ಕೆಟ್ಟದ್ದು ಎಂದು ಗಾಟ್‌ಮನ್ ಕೂಡ ಹೇಳುತ್ತಾರೆ. ಅದನ್ನೂ ಅವಳು ಹೇಳಿದಳು. ಆದರೆ ನನಗೆ ಮೆಚ್ಚುಗೆಯಾದದ್ದು, ಇದನ್ನೂ ಅದನ್ನೂ ಥೆರಪಿಸ್ಟ್ ಸೆಟ್ ಆಫ್ ಮಾಡಲಿಲ್ಲ. ನಿನ್ನ ನಾಲಿಗೆಗೆ ಅವನ ಸಾಲ ವಜಾ ಎಂದು ಜಗಲಿಯ ಹಿರಿಯರು ಖಂಡಿತ ಮಾಡುತ್ತಿದ್ದರು. ಎರಡೂ ಬೇರೆ ಬೇರೆ ಲೆಕ್ಕ, ಬೇರೆ ಬೇರೆಯಾಗಿಯೇ ತೀರಬೇಕು.

ಇನ್ನು ಸರಿಹೋಗಿ ಬರ್ತಾರಾ ಅನ್ನುವ ಪ್ರಶ್ನೆ. ಮದುವೆ ಉಳಿಸಿಯೇ ಕೊಡುತ್ತೇವೆ, ನೂರಕ್ಕೆ ಇಷ್ಟು ಯಶಸ್ಸು ಅನ್ನುವವರ ಹತ್ತಿರ ಹೋಗಬೇಡಿ. ಹಣ ಡಬಲ್ ಮಾಡಿಕೊಡುವ ಚೀಟಿ ಕಂಪನಿಯವರೂ ಹೀಗೇ ಮಾತಾಡುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿದ್ದರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್‌ನ ನೋಂದಣಿ ಕೇಳಿ, ನಾಚಿಕೆಪಡಬೇಡಿ. ಒಬ್ಬರಿಗೆ ಉಳಿಯುವ ಮನಸ್ಸು, ಇನ್ನೊಬ್ಬರಿಗೆ ಹೊರಡುವ ಮನಸ್ಸು ಇದ್ದರೆ ಅದನ್ನು ಮೊದಲ ದಿನವೇ ಹೇಳಬೇಕು. ಮಿನ್ನೆಸೋಟಾದ ವಿಲಿಯಂ ಡೊಹರ್ಟಿ ಅವರು ಇಂಥವರಿಗೆಂದೇ ಬೇರೆ ಕ್ರಮ ಮಾಡಿದ್ದಾರೆ: ಒಂದರಿಂದ ಐದು ಭೇಟಿ, ಉದ್ದೇಶ ಮದುವೆ ಸರಿಮಾಡುವುದಲ್ಲ, ಸರಿಮಾಡಲು ಕೂರಬೇಕೋ ಬೇಡವೋ ಎಂದು ನಿಚ್ಚಳ ಮಾಡಿಕೊಳ್ಳುವುದು. ನಮ್ಮಲ್ಲಿ ಜನ ಬ್ಯಾಗಿನಲ್ಲಿ ವಕೀಲರ ನೋಟಿಸು ಇಟ್ಟುಕೊಂಡೇ ಕೌನ್ಸೆಲರ್ ಎದುರು ಕೂರುತ್ತಾರೆ. 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆ ಮೊದಲು ರಾಜಿಗೆ ಪ್ರಯತ್ನಿಸಿ ಅನ್ನುತ್ತದೆ, ಬಾಂದ್ರಾದ ಕೋರ್ಟಿನಲ್ಲಿ ಕೌನ್ಸೆಲರ್‌ಗಳೂ ಇದ್ದಾರೆ. ಆದರೆ ಅಲ್ಲಿಗೆ ಮುಟ್ಟುವ ಹೊತ್ತಿಗೆ ಹೆಚ್ಚಿನವರು ಒಳಗೊಳಗೇ ತೀರ್ಮಾನ ಮಾಡಿ ಆಗಿರುತ್ತದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆ ಇಟ್ಟ ಆರು ತಿಂಗಳ ಕಾಯುವಿಕೆಯನ್ನು, ರಾಜಿಯ ದಾರಿ ಮುಗಿದಿದ್ದರೆ ಕೋರ್ಟು ಬಿಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರಿಯಾದ ಮಾತೇ. ಮುಗಿದದ್ದನ್ನು ಎಳೆಯುವುದು ಯಾರಿಗೂ ಪುಣ್ಯದ ಕೆಲಸವಲ್ಲ. ಮರ್ಯಾದೆಯಿಂದ ಬೇರೆಯಾಗಲು ಕಲಿತು ಬಂದರೆ ಅದನ್ನು ಥೆರಪಿಯ ಸೋಲು ಎಂದು ನಾನು ಬರೆಯಲಾರೆ, ಹುಡುಗಿಯ ತಾಯಿಗೆ ಈ ಮಾತು ಇಷ್ಟವಾಗಲಿಲ್ಲ.

ಸದ್ಯದ ಸ್ಥಿತಿ ಹೀಗಿದೆ. ಪ್ರತಿ ತಿಂಗಳ ಮೊದಲ ಭಾನುವಾರ ಲೋನಿನ ಸ್ಟೇಟ್‌ಮೆಂಟ್ ಊಟದ ಟೇಬಲ್ಲಿನ ಮೇಲೆ ಬರುತ್ತದೆ, ಇಬ್ಬರೂ ನೋಡುತ್ತಾರೆ. ಅವಳು ಇನ್ನೂ ಮಗುವಿನ ಕೋಣೆಯಲ್ಲೇ ಮಲಗುತ್ತಾಳೆ. ಮುಂದುವರಿದ ಭೇಟಿಗಳಲ್ಲಿ ಎರಡು ಆಗಿವೆ, ಒಂದಕ್ಕೆ ಹುಡುಗ ಹೋಗಲು ಆಗಲಿಲ್ಲ, ಅವಳೊಬ್ಬಳೇ ಹೋದಳು. ಮನೆಯ ಹನ್ನೊಂದು ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಮುಗಿಯುತ್ತ ಬಂದಿದೆ. ಹೊಸ ಕರಾರು ಇಬ್ಬರ ಹೆಸರಿನಲ್ಲೋ ಒಬ್ಬರ ಹೆಸರಿನಲ್ಲೋ ಎಂದು ಏಜೆಂಟ್ ಎರಡು ಸಲ ಫೋನ್ ಮಾಡಿ ಕೇಳಿದ್ದಾನೆ. ಮುಂದಿನ ವಾರ ಹೇಳುತ್ತೇವೆ ಎಂದಿದ್ದಾರಂತೆ.