ಆಮೆಯ ಸುತ್ತಲಿನ ಗೋಡೆ: ಬಂಧವೋ, ರಕ್ಷಣೆಯೋ?

ಇಪ್ಪತ್ತನೆಯ ತೀರ್ಥಂಕರರಾದ ಭಗವಾನ್ ಮುನಿಸುವ್ರತನಾಥರ ಲಾಂಛನ ಕೂರ್ಮ. ಬಸದಿಗೆ ಬರುವ ಬಾಲಕನೂ ಪೀಠದಲ್ಲಿ ಕೆತ್ತಿದ ಆ ಪುಟ್ಟ ಆಕೃತಿಯನ್ನು ಕಂಡು ಬಿಂಬವು ಯಾರದೆಂದು ಹೇಳಬಲ್ಲನು. ಕನ್ನಡದ ಮನೆಯಲ್ಲಿ ಅದು ಆಮೆ, ಮರಾಠಿಯ ಮನೆಯಲ್ಲಿ ಕಾಸವ, ತೆಲುಗಿನವರಿಗೆ ತಾಬೇಲು, ಗುಜರಾತಿಯವರಿಗೆ ಕಾಚಬೋ. ಕೈಮುಗಿಯುವಾಗ ಎಲ್ಲರಿಗೂ ಒಂದೇ. ಕಲ್ಲಿನ ಆಮೆಗೆ ಗೋಡೆ ಬೇಡ, ನೆರಳು ಬೇಡ, ನೀರು ಬೇಡ. ಜೀವವುಳ್ಳ ಆಮೆಯನ್ನು ಅಂಗಳಕ್ಕೆ ತಂದ ಗೃಹಸ್ಥನಿಗೆ ಮಾತ್ರ ಒಂದು ಪ್ರಶ್ನೆ ಎದುರಾಗುತ್ತದೆ: ಅದರ ಸುತ್ತ ಗೋಡೆ ಕಟ್ಟುವುದು ದಯೆಯೋ, ಬಂಧನವೋ?

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುವಾಗ ಮೊದಲು ಹೆಸರಿಸುವುದೇ ಬಂಧವನ್ನು. ವಧೆ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಇವೆಲ್ಲ ಅನಂತರದವು. ಜೀವವು ತಾನು ಹೋಗಬಯಸಿದೆಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಹಾಗೆ ನೋಡಿದರೆ ಬೇಲಿಯೊಳಗಿನ ಆಮೆಯೂ ಬದ್ಧವೇ. ಹಗ್ಗವಿಲ್ಲವೆಂಬ ಒಂದೇ ಕಾರಣಕ್ಕೆ ಗೃಹಸ್ಥನು ನಿರ್ದೋಷಿಯಾಗಲಾರನು.

ಇಂದು ಜಗತ್ತಿನಲ್ಲಿ ಸಾಕಲ್ಪಡುವ ದೊಡ್ಡ ಆಮೆಗಳಲ್ಲಿ ಪ್ರಮುಖವಾದುದು ಸಲ್ಕಾಟಾ. ಸಹಾರಾ ಮರುಭೂಮಿಯ ದಕ್ಷಿಣದ ಅಂಚು ಇದರ ತವರು. ಭೂಖಂಡದ ನೆಲದಲ್ಲಿ ಬಾಳುವ ಆಮೆಗಳಲ್ಲೆಲ್ಲ ಇದೇ ಹಿರಿದು. ಇದಕ್ಕಿಂತ ದೊಡ್ಡವು ಗಲಾಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ಆಮೆಗಳು ಮಾತ್ರ. ಮೊಟ್ಟೆಯೊಡೆದು ಬಂದ ಮರಿಯು ಅಂಗೈಯಲ್ಲಿ ಕೂರುತ್ತದೆ. ಬೆಳೆದ ಗಂಡು 50 ಕಿಲೋ ಮೀರುವುದು ಸಾಮಾನ್ಯ. ಆಯುಷ್ಯ 70 ವರ್ಷಕ್ಕೂ ಹೆಚ್ಚು. ಅಮೆರಿಕೆಯಲ್ಲಿ ಇವುಗಳ ಮರಿಗಳು ಅಗ್ಗವಾಗಿ ಮಾರಾಟವಾದವು. ಉಣ್ಣೆಗಳ ಮೂಲಕ ದನಗಳಿಗೆ ರೋಗ ಹರಡೀತೆಂಬ ಭೀತಿಯಿಂದ ಅಲ್ಲಿನ ಸರಕಾರವು 2000ರಲ್ಲಿ ಆಮದನ್ನು ನಿಷೇಧಿಸಿತಾದರೂ ಅಷ್ಟರಲ್ಲಿ ದೇಶದೊಳಗೇ ಸಂತಾನ ಬೆಳೆದಿತ್ತು. ಅಂಗೈಯ ಮರಿ ಹತ್ತು ಹದಿನೈದು ವರ್ಷಗಳಲ್ಲಿ ಬೇಲಿಯನ್ನು ಮುರಿಯುವ ಬಂಡೆಯಾದಾಗ ಅದನ್ನು ಕೊಂಡವರು ಕೈಚೆಲ್ಲಿದರು. ಅರಿಜೋನಾ, ನೆವಾಡಾಗಳ ಆಶ್ರಯಧಾಮಗಳಲ್ಲಿ ಇಂತಹ ಪರಿತ್ಯಕ್ತ ಆಮೆಗಳಿಗೆ ಸ್ಥಳ ಸಾಲದಾಯಿತು. ವಿಪರ್ಯಾಸವೆಂದರೆ ತವರಿನಲ್ಲಿ ಇದೇ ಆಮೆ ಅಳಿವಿನಂಚಿನಲ್ಲಿದೆ.

ನಮ್ಮ ದೇಶದ ಮಾತು ಬೇರೆ. ಒಣಕುರುಚಲು ನೆಲದಲ್ಲಿ ಕಾಣುವ ನಕ್ಷತ್ರ ಆಮೆಯನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. 2022ರ ತಿದ್ದುಪಡಿಯು ಅದನ್ನು ಒಂದನೆಯ ಅನುಸೂಚಿಗೇ ಏರಿಸಿದೆ. ಸಲ್ಕಾಟಾದಂತಹ ವಿದೇಶೀ ಜೀವಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳ ಮೇರೆಗೆ ನೋಂದಣಿ ಮಾಡಿಸಬೇಕು. ಗಲ್ಲಾಪೆಟ್ಟಿಗೆಯ ಬಳಿ ಆಮೆಯಿದ್ದರೆ ಲಕ್ಷ್ಮಿ ನಿಲ್ಲುವಳೆಂದು ನಂಬುವ ವರ್ತಕರಿಗೆ ಹಿತ್ತಾಳೆಯ ಆಮೆ ಸಾಕು. ಅದಕ್ಕೆ ಹಸಿವೂ ಇಲ್ಲ, ಪೊಲೀಸರ ಭಯವೂ ಇಲ್ಲ.

ಆದರೆ ಈಗಾಗಲೇ ಅಂಗಳಕ್ಕೆ ಬಂದು ಸೇರಿದ ಜೀವದ ಗತಿಯೇನು? ಸಲ್ಕಾಟಾವನ್ನು ಪರದೇಶದ ಕಾಡಿಗೆ ಬಿಡುವಂತಿಲ್ಲ. ಬಿಟ್ಟರೆ ಒಂದೋ ಅದು ಸಾಯುತ್ತದೆ, ಇಲ್ಲವೇ ತನ್ನೊಡನೆ ಒಯ್ದ ರೋಗದಿಂದ ಅಲ್ಲಿಯ ಆಮೆಗಳನ್ನು ಸಾಯಿಸುತ್ತದೆ. ಇಲ್ಲಿ ಬಿಡುಗಡೆಯೇ ಹಿಂಸೆ, ಗೋಡೆಯೇ ಕರ್ತವ್ಯ. ಬಂಧದ ದೋಷವು ಕಡಿಮೆಯಾಗುವುದು ಗೋಡೆಯನ್ನು ಕೆಡವುವುದರಿಂದಲ್ಲ, ಅದನ್ನು ಆಮೆಯ ಸ್ವಭಾವವನ್ನು ಅರಿತು ಕಟ್ಟುವುದರಿಂದ.

ಅರಿಯದೆ ಕಟ್ಟಿದ ಬೇಲಿ ಹೇಗಿರುತ್ತದೆಂದರೆ, ತಂತಿಯ ಜಾಲರಿಯದಾಗಿರುತ್ತದೆ. ಮನುಷ್ಯನಿಗೆ ಅದು ಗಾಳಿಬೆಳಕಿನ ಸೌಕರ್ಯ. ಆಮೆಗೆ ಅದು ನಿತ್ಯದ ಯಾತನೆ. ಆಚೆಯ ಹುಲ್ಲು ಕಾಣುವವರೆಗೆ ಅದು ಜಾಲರಿಗೆ ತಲೆಯೊಡ್ಡಿ ದಿನವಿಡೀ ನೂಕುತ್ತಲೇ ಇರುತ್ತದೆ. ಆಚೆ ಕಾಣದ ಗಟ್ಟಿ ಗೋಡೆಯ ಮುಂದೆ ಬಹುಮಟ್ಟಿಗೆ ಶಾಂತವಾಗುತ್ತದೆ. ಆದುದರಿಂದ ಇಟ್ಟಿಗೆಯ ಅಥವಾ ದಪ್ಪ ಮರದ ಗೋಡೆ, ನೆಲದ ಮೇಲೆ ಎರಡು ಅಡಿಗೆ ಕಡಿಮೆಯಿಲ್ಲದೆ, ನೆಲದೊಳಗೂ ಒಂದೆರಡು ಅಡಿ ಇಳಿದಿರಬೇಕು. ಏಕೆಂದರೆ ಸಲ್ಕಾಟಾ ಹುಟ್ಟಾ ಬಿಲಗಾರ. ತವರಿನಲ್ಲಿ ಬೇಸಗೆಯ ಉರಿಯಿಂದ ಪಾರಾಗಲು ಅನೇಕ ಮೀಟರು ಉದ್ದದ ಬಿಲ ತೋಡುತ್ತದೆ. ಅಗೆಯುವುದನ್ನು ತಡೆಯಲು ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿಸುವವರೂ ಇದ್ದಾರೆ. ಅಗೆಯುವ ಜೀವಕ್ಕೆ ಅಗೆಯಲು ಮಣ್ಣೇ ಇಲ್ಲದಂತೆ ಮಾಡುವುದನ್ನು ಯಾವ ಅತಿಚಾರವೆಂದು ಕರೆಯಬೇಕೋ ಪಂಡಿತರೇ ಹೇಳಬೇಕು.

ಗೋಡೆಯ ಮೂಲೆಗಳು ದುಂಡಗಿರಬೇಕು. ಚೌಕ ಮೂಲೆಯಲ್ಲಿ ಆಮೆಯು ಎರಡೂ ಗೋಡೆಗಳಿಗೆ ಕಾಲೂರಿ ಹತ್ತಲು ಹೋಗಿ ಅಂಗಾತ ಬೀಳುತ್ತದೆ. ಅದರ ಶ್ವಾಸಕೋಶಗಳು ಬೆನ್ನಿನ ಚಿಪ್ಪಿನಡಿಯಲ್ಲಿವೆ. ಅಂಗಾತವಾದಾಗ ಒಡಲಿನ ಭಾರವೆಲ್ಲ ಅವುಗಳ ಮೇಲೆ. ನಡುಹಗಲ ಬಿಸಿಲಿನಲ್ಲಿ ಹಾಗೆ ಬಿದ್ದ ಆಮೆ, ಮನೆಯವರು ಅಂಗಡಿಯಿಂದ ಊಟಕ್ಕೆ ಮರಳುವಷ್ಟರಲ್ಲಿ ಸತ್ತಿರಬಹುದು. ಒಂದು ಮೂಲೆಯನ್ನು ದುಂಡಗೆ ಮಾಡದ ಪ್ರಮಾದಕ್ಕೆ ಒಂದು ಪಂಚೇಂದ್ರಿಯ ಜೀವದ ಹಾನಿ. ಕೊಲ್ಲುವ ಸಂಕಲ್ಪವಿರಲಿಲ್ಲವೆಂಬುದು ನಿಜ. ಪ್ರಮಾದವಿತ್ತೆಂಬುದೂ ನಿಜ.

ಛೇದದ ವಿಷಯವೂ ಇಲ್ಲಿಯೇ ಬರುತ್ತದೆ. ಹಿಂದೆ ಯುರೋಪಿನಲ್ಲಿ ಚಿಪ್ಪಿನ ಅಂಚಿಗೆ ತೂತು ಕೊರೆದು ಹಗ್ಗ ಪೋಣಿಸಿ ತೋಟದಲ್ಲಿ ಕಟ್ಟುವ ರೂಢಿಯಿತ್ತು. ಚಿಪ್ಪೆಂದರೆ ತೊಟ್ಟ ಕವಚವೆಂದು ಅವರು ತಿಳಿದಿದ್ದರು. ಅದು ಕವಚವಲ್ಲ, ರಕ್ತವೂ ನರಗಳೂ ಉಳ್ಳ ಜೀವಂತ ಎಲುಬು. ಮೇಲೆ ಬೆರಳಾಡಿಸಿದರೂ ಆಮೆಗೆ ತಿಳಿಯುತ್ತದೆ.

ಅನ್ನಪಾನನಿರೋಧವೆಂದರೆ ಉಪವಾಸ ಕೆಡವುವುದು ಎಂದಷ್ಟೇ ನಾವು ತಿಳಿಯುತ್ತೇವೆ. ಪ್ರೀತಿಯಿಂದ ತಪ್ಪು ಅನ್ನವಿಕ್ಕುವುದು ಇನ್ನೊಂದು ಬಗೆ. ಸಲ್ಕಾಟಾದ ಆಹಾರ ಹುಲ್ಲು ಮತ್ತು ಒಣಹುಲ್ಲು. ಬಾಳೆಹಣ್ಣು, ಚಪಾತಿ, ಸಿಹಿತಿನಿಸುಗಳನ್ನು ಅದು ಆಸೆಯಿಂದ ತಿನ್ನುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಅದರ ಕರುಳು ಕೆಡುತ್ತದೆ. ಬಸದಿಯ ಹೂದೋಟಗಳಲ್ಲೂ ಮನೆಯಂಗಳಗಳಲ್ಲೂ ಬೆಳೆಯುವ ಕಣಗಿಲೆ ಆಮೆಗೆ ವಿಷ. ಆವರಣದೊಳಗೆ ಅದರ ಒಂದು ಎಲೆಯೂ ಬೀಳಬಾರದು. ನೀರಿನ ತಟ್ಟೆ ಅಗಲವಾಗಿ, ಆಳವಿಲ್ಲದೆ, ಆಮೆಯೇ ಇಳಿದು ಏರುವಂತಿರಬೇಕು. ನೆರಳು, ಕೆಸರು, ಒಂದಿಷ್ಟು ದಿಬ್ಬ ಇವೆಲ್ಲ ಇರಲಿ.

ಇನ್ನು ಜೀವದಯೆಯ ಹೆಸರಿನ ಖರೀದಿಯ ವಿಚಾರ. ಪರ್ವದ ದಿನಗಳಲ್ಲಿ ಸಂತೆಯಿಂದ ಹಕ್ಕಿಗಳನ್ನೋ ಆಮೆಗಳನ್ನೋ ಬಿಡಿಸಿ ತಂದು ಬಿಡುವ ಶ್ರದ್ಧಾಳುಗಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರ ಮನಸ್ಸು ಶುದ್ಧ. ಆದರೆ ಅಂಗಡಿಯಲ್ಲಿ ಕೂತವರಿಗೆಲ್ಲ ತಿಳಿದಿರುವ ಒಂದು ಮಾತಿದೆ: ಖಾಲಿಯಾದ ಸರಕನ್ನೇ ವ್ಯಾಪಾರಿ ಮೊದಲು ತರಿಸುತ್ತಾನೆ. ಬಿಡುಗಡೆಗೆ ಕೊಟ್ಟ ಹಣವೇ ಮುಂದಿನ ಬಲೆಗೆ ಮುಂಗಡ. ಅದೂ ಅಲ್ಲದೆ, ಅಂಗಡಿಗಳಲ್ಲಿ ಮಾರುವ ಕೆಂಪುಕಿವಿಯ ವಿದೇಶೀ ಆಮೆಯನ್ನು ಕೆರೆಗೋ ಪುಷ್ಕರಣಿಗೋ ಬಿಟ್ಟಾಗ ಅಲ್ಲಿನ ದೇಶೀ ಆಮೆಗಳ ಅನ್ನಕ್ಕೆ ಸಂಚಕಾರ ಬರುತ್ತದೆ. ದೆಹಲಿಯ ಲಾಲ್ ಮಂದಿರದ ಜೈನ ಪಕ್ಷಿ ಆಸ್ಪತ್ರೆಯು ವಾಸಿಯಾದ ಹಕ್ಕಿಯನ್ನು ತಂದವರಿಗೆ ಹಿಂದಿರುಗಿಸದೆ ಆಕಾಶಕ್ಕೆ ಬಿಡುತ್ತದೆ; ಆ ಆಕಾಶ ಆ ಹಕ್ಕಿಯದೇ ಆದ್ದರಿಂದ ಅದು ಸಾಧು. 2018ರಲ್ಲಿ ಸಿಂಗಾಪುರದಲ್ಲಿ ಸಿಕ್ಕಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದುದೂ ಅವುಗಳ ನೆಲ ಇದೇ ಎಂಬ ಕಾರಣಕ್ಕೇ.

ಅರಿಜೋನಾದ ವನ್ಯಜೀವಿ ಇಲಾಖೆಯು ತನ್ನ ಮರುಭೂಮಿಯ ಆಮೆಗಳನ್ನು ದತ್ತು ಕೊಡುವಾಗ ಅರ್ಜಿದಾರನು ಕಟ್ಟಿದ ಆವರಣದ ಮತ್ತು ಬಿಲದ ಚಿತ್ರಗಳನ್ನು ಮೊದಲು ಕೇಳುತ್ತದೆ. ಮೊದಲು ಮನೆ, ಅನಂತರ ಆಮೆ. ನಮ್ಮಲ್ಲಿ ಕ್ರಮ ತಿರುಗುಮುರುಗು. ಅರುವತ್ತು ದಾಟಿದವನೊಬ್ಬ ಮೊಮ್ಮಗನ ಹಟಕ್ಕೆ ಮರಿಯನ್ನು ತರುತ್ತಾನೆ. ಆ ಮರಿಯ ಆಯುಷ್ಯ ಮೊಮ್ಮಗನ ಆಯುಷ್ಯಕ್ಕೆ ಸಮ. ಕೋಲ್ಕತ್ತದ ಆಲಿಪುರ ಮೃಗಾಲಯದ ಅದ್ವೈತನೆಂಬ ದೈತ್ಯ ಆಮೆ 2006ರಲ್ಲಿ ತೀರಿಕೊಂಡಾಗ ಅದು ಯಾವ ಕಾಲದಲ್ಲಿ ಹುಟ್ಟಿತೆಂದು ಬಲ್ಲವರು ಯಾರೂ ಉಳಿದಿರಲಿಲ್ಲ. ಹೊಲ, ಮನೆ, ಬಂಗಾರಕ್ಕೆ ಮರಣಪತ್ರ ಬರೆಯುವ ಹಿರಿಯರು ಅಂಗಳದ ಆಮೆಯನ್ನು ಯಾರ ಹೆಸರಿಗೆ ಬರೆಯುತ್ತಾರೆ?

ಶ್ರಾವಕಾಚಾರದ ವ್ಯಾಖ್ಯಾನಗಳಲ್ಲಿ ಒಂದು ಸೂಕ್ಷ್ಮವಿದೆ. ಗೃಹಸ್ಥನು ದನಕರುಗಳನ್ನು ಕಟ್ಟಲೇಬೇಕಾದರೆ, ಬೆಂಕಿ ಬಿದ್ದಾಗ ಬಿಚ್ಚಿಹೋಗುವಂತಹ ಸಡಿಲ ಗಂಟಿನಿಂದ ಕಟ್ಟಬೇಕು. ಆಮೆಯ ಆವರಣದಲ್ಲಿ ಬೆಂಕಿಯ ಭಯವಿರುವ ಸ್ಥಳ ರಾತ್ರಿಯ ಗೂಡು. ಸಲ್ಕಾಟಾ ಚಳಿನಿದ್ರೆ ಮಾಡುವ ಜಾತಿಯಲ್ಲ; ಚಳಿಗಾಲದಲ್ಲಿ ಅದರ ಗೂಡಿಗೆ ಒಣಹುಲ್ಲು ಹರಡಿ ವಿದ್ಯುತ್ತಿನ ಶಾಖ ಕೊಡುತ್ತಾರೆ. ಹುಲ್ಲಿನ ಮೇಲೆ ತೂಗುವ ದೀಪ ಕಳಚಿಬಿದ್ದರೆ ಸಾಕು. ತಿಳಿದವರು ಅಂತಹ ಗೂಡಿಗೆ ಅಗುಳಿಯ ಬಾಗಿಲನ್ನು ಇಡುವುದಿಲ್ಲ. ದಪ್ಪ ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ಮೇಲಿನಿಂದ ಇಳಿಬಿಡುತ್ತಾರೆ. ಒಳಗಿನ ಬಿಸಿ ನಿಲ್ಲುತ್ತದೆ. ಹೊರಬರಬೇಕೆನಿಸಿದಾಗ ಆಮೆಯು ಯಾರನ್ನೂ ಕಾಯದೆ ತಲೆಯಿಂದ ಪಟ್ಟಿಯನ್ನು ಸರಿಸಿ ಹೊರಬರುತ್ತದೆ.